ಎಷ್ಟು ರೊಟ್ಟಿ ತಿಂತಾರವ್ವಾ ಇವರು?

ಅತ್ತೆ ಹಾಗೆ ಕೇಳಿದಾಗ ನಾನು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ ಕಾದಂಬರಿಯ 94ನೇ ಪುಟದಲ್ಲಿದ್ದೆ. ಒಂದು ಗಂಟೆಯೊಳಗೆ ನಾಯಕ ನಾಯಕಿ ಮೂರನೇ ಸಲ ರೊಟ್ಟಿ ಊಟಕ್ಕೆ ಕೂತಿದ್ದರು. ಒಮ್ಮೆ ಮಳೆ ಸುರಿಯುವಾಗ, ಒಮ್ಮೆ ಮಾವಿನ ತೋಪಿನಲ್ಲಿ, ಈಗ ರಾತ್ರಿ ಹನ್ನೊಂದು ಗಂಟೆಗೆ, ಬೆಳದಿಂಗಳಲ್ಲಿ. ಪುಸ್ತಕದಲ್ಲಿ ಅವರು ತಿನ್ನುತ್ತಿದ್ದದ್ದು ರೊಟ್ಟಿ ಅಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಆಗಿದ್ದಿಷ್ಟು. ದೀಪಾವಳಿ ಮುಗಿದ ಮೇಲೆ ಅತ್ತೆಯ ಬಲಗಣ್ಣಿಗೆ ಮೋತಿಬಿಂದು, ಅಂದರೆ ಕಣ್ಣಿನ ಪೊರೆಯ ಆಪರೇಶನ್ ಮಾಡಿಸಿದೆವು. ಯಾವ ಕಾಲದಲ್ಲಾದರೂ ಮಾಡಿಸಬಹುದು ಅಂತ ಡಾಕ್ಟರು ಬೇಸಿಗೆಯಲ್ಲೇ ಹೇಳಿದ್ದರು. ಅತ್ತೆ ಒಪ್ಪಲಿಲ್ಲ. "ಕಲಬುರಗಿ ಬಿಸಿಲಿಗಿ ಇದ್ದ ಕಣ್ಣೇ ಕರಗಿ ಹೋಗ್ತಾವ, ಅದರಾಗ ಹೊಸಾದೊಂದು ಏನ್ ಕೂಡಿಸ್ತೀರಿ" ಅಂತ ಚಳಿ ಬೀಳುವವರೆಗೆ ಕಾಯಿಸಿದರು. ಎಡಗಣ್ಣು ಸಂಕ್ರಾಂತಿ ಆದ ಮೇಲೆ ಅಂತ ನಿರ್ಧಾರ ಆಯಿತು. ಆಪರೇಶನ್ ಸಲೀಸಾಗಿ ಆಯಿತು. ಕಷ್ಟ ಶುರುವಾಗಿದ್ದು ಮನೆಗೆ ಬಂದ ಮೇಲೆ. ಬಗ್ಗಬಾರದು, ಭಾರ ಎತ್ತಬಾರದು, ತಲೆ ಮೇಲೆ ನೀರು ಹಾಕಬಾರದು, ಒಲೆ ಮುಂದೆ ಕೂಡಬಾರದು. ಅರವತ್ತು ವರ್ಷ ರೊಟ್ಟಿ ಬಡಿದ ಕೈ ಅದು. ಸುಮ್ನೆ ಕೂಡು ಅಂದರೆ ಅದೆಲ್ಲಿ ಕೂಡುತ್ತೆ? ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಪಟ್ಟಿಯ ಮೇಲೇ ತಾಳ ಹಾಕುತ್ತಾ ಕೂತಿದ್ದರು.

ಟಿವಿ ಹಚ್ಚಿಕೊಟ್ಟೆ. ಎರಡು ದಿನಕ್ಕೇ ಸಾಕಾಯಿತು ಅವರಿಗೆ. "ಆ ಹೆಣ್ಮಕ್ಳು ಅಡಗಿ ಮನ್ಯಾಗೂ ರೇಷ್ಮಿ ಸೀರಿ ಉಟ್ಕೊಂಡು ವಿಷ ಹಾಕ್ತಾವ. ಹಿಂಗೂ ಇರ್ತಾರೇನು? ಏ ಹುಡುಗಿ, ನೀ ಯಾವಾಗ್ಲೂ ಏನೋ ಓದ್ತಿರ್ತೀಯಲ್ಲ, ಅದನ್ನೇ ಜರಾ ಜೋರಾಗಿ ಓದು."

ಇಲ್ಲಿ ನನ್ನ ಗುಟ್ಟೊಂದು ಹೇಳಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ವಯಸ್ಸು 46, ಸ್ಟಾಫ್ ರೂಮಿನಲ್ಲಿ ದಪ್ಪ ಪುಸ್ತಕ ಹಿಡಿದು ಕೂತಿರುವುದನ್ನು ನೋಡಿ ಹೆಡ್ ಮಾಸ್ತರರು "ಮೇಡಂ ಭಾಳ ಓದ್ತಾರ" ಅಂತ ಗೌರವದಿಂದ ಹೇಳುತ್ತಾರೆ, ಆದರೆ ಆ ದಪ್ಪ ಪುಸ್ತಕದ ಒಳಗೆ ಯಾವಾಗಲೂ ಒಂದು ತೆಳು ಪುಸ್ತಕ ಇರುತ್ತೆ. ಮೊದಲ ಪುಟದಲ್ಲಿ ಜಗಳ, ನಡುವೆ ಒಂದು ಕೊಡೆ ಅದಲು ಬದಲು, ಒಂದು ಪತ್ರ ತಪ್ಪು ವಿಳಾಸಕ್ಕೆ, ನಾಯಕನ ತಾಯಿಯ ಎದುರು ನಾಯಕಿ ಉಪ್ಪಿಟ್ಟಿಗೆ ಉಪ್ಪಿನ ಬದಲು ಸಕ್ಕರೆ ಹಾಕುವುದು, ಕೊನೆಗೆ ಮದುವೆ. ಇಂಥದ್ದು ನನಗೆ ಎಷ್ಟು ಕೊಟ್ಟರೂ ಬೇಕು. ಹಾಸ್ಟೆಲಿನಲ್ಲಿ ವಾರಪತ್ರಿಕೆಯ ಧಾರಾವಾಹಿಗೆ ಆರು ಜನ ಪಾಳಿ ಹಚ್ಚಿ ಓದುತ್ತಿದ್ದ ದಿನಗಳಿಂದಲೂ ಇದೇ ಚಟ. ಗಂಭೀರ ಕಾದಂಬರಿಗಳನ್ನೂ ಓದಿದ್ದೇನೆ ಬಿಡಿ. ಆದರೆ ಶಹಾಬಾದಿನವರೆಗೆ ಹೋಗಿ, ಮಕ್ಕಳ ಮುಂದೆ ಆರು ಪೀರಿಯಡ್ ಗಂಟಲು ಹರಿದುಕೊಂಡು ಬಂದವಳಿಗೆ, ಸಂಜೆ ಇನ್ನೊಬ್ಬರ ಅಸ್ತಿತ್ವದ ಚಿಂತೆ ಮಾಡುವ ಶಕ್ತಿ ಉಳಿದಿರುವುದಿಲ್ಲ.

ಹಾಗಾಗಿ ಗ್ರಂಥಾಲಯದಿಂದ ಹಳೇ ಸಾಂಸಾರಿಕ ಕಾದಂಬರಿ ಒಂದನ್ನು ತಂದೆ. ಅದರ ಮೈಬಣ್ಣ, ಮುಖಪುಟದ ಎರಡು ಜಡೆಯ ಹುಡುಗಿ, ಎರಡನ್ನೂ ನೋಡಿದರೆ ಮಡಿಯಲ್ಲಿ ಓದಬಹುದು ಅನ್ನಿಸುವಂತಿತ್ತು. 60 ಪುಟ ಹಾಗೇ ಇತ್ತು ಕೂಡ. ಆಮೇಲೆ ನಾಯಕನಿಗೆ ಏನಾಯಿತೋ ಗೊತ್ತಿಲ್ಲ. ಮಳೆ ಬಂತು, ಇಬ್ಬರೂ ನೆನೆದರು, ಅವನ ಕೈ ಅವಳ ಸೊಂಟದ ಕಡೆ ಹೊರಟಿತು. ನಮ್ಮ ಕಟ್ಟೆಯ ಮೇಲೆ ಅಷ್ಟೊತ್ತಿಗೆ ಅತ್ತೆ, ಎದುರು ಮನೆ ಖಾಲಾ, ಪಕ್ಕದ ಮನೆಯ ಇಬ್ಬರು ಹೆಣ್ಣುಮಕ್ಕಳು, ತಕ್ಕಡಿ ಇಳಿಸಿ ಕೂತಿದ್ದ ಬದನೆಕಾಯಿ ಮಾರುವವ. ನನ್ನ ಕಣ್ಣು ನಾಲ್ಕು ಸಾಲು ಮುಂದೆ ಓಡಿತು. ಅಲ್ಲಿ ಇನ್ನೂ ಕಷ್ಟ ಇತ್ತು. "ಆಮೇಲೆ..." ಅಂದೆ, "ಆಮೇಲೆ ಇಬ್ಬರೂ ಒಳಗ ಬಂದು ಬಿಸಿ ರೊಟ್ಟಿ ಊಟ ಮಾಡಿದರು."

ಹೀಗೆ ಶುರುವಾಯಿತು ರೊಟ್ಟಿ.

ನಮ್ಮದು ಕಲಬುರಗಿಯ ಬ್ರಹ್ಮಪುರದ ಹಳೇ ಗಲ್ಲಿ. ಮನೆ ಮುಂದೆ ಫರ್ಸಿ ಹಾಸಿದ ಉದ್ದ ಕಟ್ಟೆ. ಚಳಿಗಾಲದಲ್ಲಿ ಶನಿವಾರ ಮಧ್ಯಾಹ್ನ ಅಲ್ಲಿಗೆ ಒಳ್ಳೆ ಬಿಸಿಲು ಬೀಳುತ್ತೆ. ತೊಗರಿ ಸೀಮೆ ಇದು, ಡಿಸೆಂಬರ್ ಬಂತೆಂದರೆ ಹಸಿ ತೊಗರಿಕಾಯಿ ಮನೆಮನೆಗೆ ಚೀಲದಲ್ಲಿ ಬರುತ್ತೆ. ಎಲ್ಲರೂ ಮೊರ ತಂದು ಕಾಯಿ ಸುಲಿಯುತ್ತಾ ಕಥೆ ಕೇಳುತ್ತಿದ್ದರು. ಓದುವವಳಿಗೆ ಇದರಿಂದ ಒಂದು ಅನುಕೂಲ ಇತ್ತು. ಕಥೆ ಹೇಗೆ ಹೋಗುತ್ತಿದೆ ಅಂತ ತಲೆ ಎತ್ತದೇ ತಿಳಿಯುತ್ತಿತ್ತು. ನಾಯಕ ನಾಯಕಿ ಜಗಳ ಆಡಿದರೆ ಕಾಯಿ ಟಪಟಪ ಅಂತ ಜೋರಾಗಿ ಒಡೆಯುತ್ತಿದ್ದವು. ಕಥೆಯಲ್ಲಿ ಯಾರೋ ಬಾಗಿಲು ತೆಗೆದ ಸದ್ದಾದರೆ ಎಲ್ಲರ ಕೈ ನಿಲ್ಲುತ್ತಿತ್ತು. ರೊಟ್ಟಿ ಬಂದಾಗ ಖಾಲಾ ಮಾತ್ರ ಒಂದೇ ಕಾಯಿಯನ್ನು ಭಾಳ ಹೊತ್ತು ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದರು.

ಗಟ್ಟಿಯಾಗಿ ಓದುವುದು ಈ ಮನೆಗೆ ಹೊಸದಲ್ಲ. ನಮ್ಮ ಮಾವನವರು ನಿಜಾಮರ ಕಾಲದಲ್ಲಿ ಶಾಲೆಗೆ ಸೇರಿದವರು, ಕಲಿತದ್ದು ಉರ್ದು. ಅವರು ತೀರಿಕೊಂಡು ಒಂಬತ್ತು ವರ್ಷ ಆದರೂ ಅವರ ಟ್ರಂಕು ಇನ್ನೂ ಅಟ್ಟದ ಮೇಲಿದೆ, ಅದರ ತುಂಬ ಜಾಸೂಸಿ ದುನಿಯಾ. ಇಬ್ನೆ ಸಫಿ 1952ರಲ್ಲಿ ಅಲಹಾಬಾದಿನಲ್ಲಿ ಶುರು ಮಾಡಿದ ಪತ್ತೇದಾರಿ ಮಾಲೆ ಅದು. ಉರ್ದುವಿನಲ್ಲಿ ಹೊಲಸು ಬರೆದರೆ ಮಾತ್ರ ಪುಸ್ತಕ ಖರ್ಚಾಗುತ್ತೆ ಅಂತ ಯಾರೋ ಮಾತಿಗೆ ಅಂದದ್ದಕ್ಕೆ, ಅದಿಲ್ಲದೇ ಬರೆದು ತೋರಿಸುತ್ತೇನೆ ಅಂತ ಆ ಮನುಷ್ಯ ಪತ್ತೇದಾರಿ ಕಥೆಗೆ ಕೈ ಹಚ್ಚಿದರಂತೆ. ತೋರಿಸಿಯೂ ಬಿಟ್ಟರು. ಮದುವೆಯಾದ ಹೊಸದರಲ್ಲಿ ಮಾವ ರಾತ್ರಿ ಚಿಮಣಿ ದೀಪ ಹಚ್ಚಿಕೊಂಡು ಉರ್ದು ಓದಿ, ಸಾಲು ಸಾಲು ಕನ್ನಡ ಮಾಡಿ ಅತ್ತೆಗೆ ಹೇಳುತ್ತಿದ್ದರಂತೆ. ಇದನ್ನು ಅತ್ತೆ ಹತ್ತು ಸಲವಾದರೂ ಹೇಳಿದ್ದಾರೆ. ಪೂರ್ತಿ ಹೇಳಿರಲಿಲ್ಲ ಅಂತ ನನಗೆ ಈಚೆಗೆ ಗೊತ್ತಾಯಿತು, ಅದು ಆಮೇಲೆ.

ರೊಟ್ಟಿಯ ಕಾದಂಬರಿ ನನಗೆ ಭಾರವಾಗತೊಡಗಿದಾಗ ಬೀದರ್ ಟೀಚರ್ ಕೈ ಹಿಡಿದರು. ನನ್ನ ಜೊತೆ ದಿನಾ ರೈಲಿನಲ್ಲಿ ಶಹಾಬಾದಿಗೆ ಬರುವ ಗೆಳತಿ. ತವರು ಬೀದರ್, ಮೆಥೋಡಿಸ್ಟ್ ಚರ್ಚಿನ ಮನೆತನ, ಕನ್ನಡ ಕೀರ್ತನೆಗಳನ್ನು ಎಷ್ಟು ಚಂದ ಹಾಡುತ್ತಾರೆಂದರೆ ಬೋಗಿಯಲ್ಲಿ ಚಹಾ ಮಾರುವವನೂ ನಿಂತು ಕೇಳುತ್ತಾನೆ. ಅವರ ಸಂಬಂಧಿಕರು ಅಮೆರಿಕದಿಂದ ತಂದ ಇಂಗ್ಲಿಷ್ ಕಾದಂಬರಿಗಳ ಒಂದು ಚೀಲವನ್ನೇ ನನ್ನ ತೊಡೆ ಮೇಲೆ ಇಟ್ಟರು. "ಇದರಾಗ ಕೊಲಿ ಅದ, ಆದ್ರ ಹೊಲಸು ಇಲ್ಲ. ಅತ್ತಿಗಿ ಬೇಫಿಕರ್ ಓದಿ ಹೇಳ್ರಿ" ಅಂದರು.

ಇಂಥದ್ದೊಂದು ಲೋಕ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಲ್ಲಿ ಇದಕ್ಕೇ ಅಂತ ಪ್ರಕಾಶಕರು, ಇದಕ್ಕೇ ಅಂತ ಅಂಗಡಿಗಳು. ಹಾರ್ಲೆಕ್ವಿನ್ ಕಂಪನಿಯವರು 1997ರಲ್ಲಿ ಲವ್ ಇನ್‌ಸ್ಪೈರ್ಡ್ ಅಂತ ದೇವರನ್ನು ನಂಬುವವರ ಪ್ರೇಮಕಥೆಗಳ ಮಾಲೆ ಶುರು ಮಾಡಿದರು, 2005ರಲ್ಲಿ ಅದಕ್ಕೆ ಸಸ್ಪೆನ್ಸ್ ಮಾಲೆಯನ್ನೂ ಸೇರಿಸಿದರು. ನಿಯಮ ಭಾಳ ಕಟ್ಟುನಿಟ್ಟು. ಪ್ರೀತಿ ಮುತ್ತಿನ ಗಡಿ ದಾಟುವ ಹಾಗಿಲ್ಲ. ಬೈಗುಳ ಒಂದೂ ಇರಬಾರದು. ಅಂದರೆ ಖಳನಾಯಕ ಒಬ್ಬನನ್ನು ಕೊಂದು ಸರೋವರಕ್ಕೆ ಎಸೆಯಬಹುದು, ಎಸೆಯುವಾಗ ಕಾಲು ಜಾರಿ ಬಿದ್ದರೆ ಮಾತ್ರ ಅವನು ಏನಂದ ಅಂತ ಬರೆಯುವ ಹಾಗಿಲ್ಲ, "ಅವನು ಕೆಟ್ಟ ಮಾತೊಂದನ್ನು ಆಡಿದ" ಅಂತ ಬರೆದು ಮುಂದೆ ಹೋಗಬೇಕು! ಅತ್ತೆಗೆ ಇದು ಸರಿ ಬರಲಿಲ್ಲ. "ಏನ್ ಬೈದ ಹೇಳ್ಬೇಕವ್ವಾ, ಇಲ್ಲಂದ್ರ ಅವ ಎಷ್ಟ್ ಕೆಟ್ಟಾವ ಅಂತ ನಮಗ ಹ್ಯಾಂಗ ಗೊತ್ತಾಗ್ಬೇಕು?" ಅಂದು, ಆ ಜಾಗಕ್ಕೆ ಸರಿಹೊಂದುವ ನಮ್ಮ ಕಡೆಯ ಮೂರು ಬೈಗುಳಗಳನ್ನು ತಾವೇ ಒದಗಿಸಿದರು. ಕಟ್ಟೆಯ ಮೇಲಿನ ಕ್ಲೀನ್ ಕಥೆ ಅಲ್ಲಿಗೆ ಅರ್ಧ ಹಾಳಾಯಿತು.

ಇನ್ನೊಂದು ಮಾತು ಕಲಿತೆ, ಕ್ಲೋಸ್ಡ್ ಡೋರ್. ಗಂಡ ಹೆಂಡತಿ ಕೋಣೆಗೆ ಹೋಗಿ ಬಾಗಿಲು ಮುಚ್ಚುತ್ತಾರೆ, ಕಥೆ ಬಾಗಿಲ ಹೊರಗೇ ನಿಲ್ಲುತ್ತೆ, ಇದು ಅಲ್ಲಿನವರ ಪ್ರಕಾರ ಸಭ್ಯತೆ. ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರಾದರೂ ಬಾಗಿಲು ಮುಚ್ಚಿದರೆ ಅದೇ ನಾಲ್ಕು ಮನೆಗೆ ಸುದ್ದಿ. ಹಾಗಾಗಿ ಓದುವಾಗ ನಾನು ಆ ಬಾಗಿಲನ್ನೂ ತೆಗೆದಿಟ್ಟೆ, ಪರದೆ ಮಾತ್ರ ಬಿಟ್ಟೆ.

ಆ ಪುಸ್ತಕಗಳಲ್ಲಿ ಕೆಲವದರ ಮೇಲೆ ಕ್ರಿಸ್ಟಿ ಪ್ರಶಸ್ತಿ ಅಂತ ಚಿನ್ನದ ಬಣ್ಣದ ಮುದ್ರೆ ಇತ್ತು. ಅಗಾಥಾ ಕ್ರಿಸ್ಟಿ ಹೆಸರಲ್ಲಿ ಕೊಡುತ್ತಾರೆ ಅಂದುಕೊಂಡು ಬೀದರ್ ಟೀಚರಿಗೆ ಅರ್ಧ ಗಂಟೆ ವಿವರಿಸಿದೆ. ಅವರು ಪೂರ್ತಿ ಕೇಳಿ, ಶಹಾಬಾದ್ ಬಂದ ಮೇಲೆ, ಅಲ್ರಿ ಅಂದರು. ಅದು 1967ರಲ್ಲಿ ಬಂದ ಒಂದು ಕಾದಂಬರಿಯ ಹೆಸರಂತೆ. ಅದರ ನಾಯಕಿ ಹತ್ತೊಂಬತ್ತು ವರ್ಷದ ಹುಡುಗಿ, ಗುಡ್ಡಗಾಡಿನ ಹಳ್ಳಿಯ ಮಕ್ಕಳಿಗೆ ಪಾಠ ಹೇಳಲು ಊರು ಬಿಟ್ಟು ಹೋದವಳು. ನಮ್ಮ ಹಾಗೇ ರೈಲು ಹತ್ತಿ ಹೋದ ಟೀಚರ್ ಅಂತ ಗೊತ್ತಾದ ಮೇಲೆ ತಪ್ಪು ಹೇಳಿದ್ದಕ್ಕೆ ನಾಚಿಕೆ ಸ್ವಲ್ಪ ಕಮ್ಮಿ ಆಯಿತು.

ಇಂಗ್ಲಿಷ್ ಪುಸ್ತಕ ಹಿಡಿದು ಕನ್ನಡದಲ್ಲಿ ಹೇಳುವುದು ಅಂದುಕೊಂಡಷ್ಟು ಸುಲಭ ಅಲ್ಲ. ಹಿಮ ಬಿದ್ದ ದಾರಿಯನ್ನು ಕಟ್ಟೆಯ ಬಿಸಿಲಲ್ಲಿ ಹೇಗೆ ತೋರಿಸುವುದು? ಆದರೆ ನನ್ನ ಮಾನ ಕಳೆದದ್ದು ಹಿಮ ಅಲ್ಲ, ಕ್ಯಾಸರೋಲು. ಈ ಕಾದಂಬರಿಗಳಲ್ಲಿ ಯಾರಾದರೂ ಸತ್ತರೆ, ಮರುದಿನ ಚರ್ಚಿನ ಹೆಂಗಸರೆಲ್ಲ ಒಂದೊಂದು ಕ್ಯಾಸರೋಲ್ ಹಿಡಿದುಕೊಂಡು ಬರುತ್ತಾರೆ. ನಮ್ಮಲ್ಲಿ ಕ್ಯಾಸರೋಲ್ ಅಂದರೇನು? ರೊಟ್ಟಿ ಬಿಸಿ ಇಡುವ ಪ್ಲಾಸ್ಟಿಕ್ ಡಬ್ಬಿ, ಮದುವೆಗೆ ಏಳು ಬರುತ್ತವೆ, ಆರು ಅಟ್ಟ ಸೇರುತ್ತವೆ. ಅಲ್ಲಿಯೂ ಹಾಟ್‌ಬಾಕ್ಸ್ ಕಾಣಿಕೆ ಕೊಡುತ್ತಾರೆ ಅಂತ ಮೂರು ಕಾದಂಬರಿ ಹಾಗೇ ಓದಿ ಹೇಳಿದೆ.

"ಸತ್ತವರ ಮನೀಗಿ ಖಾಲಿ ಡಬ್ಬಿ ಒಯ್ತಾರೇನು?" ಅಂದರು ಅತ್ತೆ. "ನಮ್ಮಾಗ ಬುತ್ತಿ ಒಯ್ತೀವಿ. ಒಲಿ ಹಚ್ಚಂಗಿಲ್ಲಲ್ಲ ಪಾಪ."

ಅಷ್ಟರಲ್ಲಿ ಅಮೆರಿಕದಲ್ಲಿ ಅದು ಓವನ್ನಿನಲ್ಲಿ ಬೇಯಿಸಿದ ಊಟದ ಹೆಸರು ಅಂತ ನನಗೆ ಗೊತ್ತಾಯಿತು, ತಿದ್ದಿ ಹೇಳಿದೆ. ಅತ್ತೆಗೆ ಸಮಾಧಾನ ಆಯಿತು, ಆ ಹೆಂಗಸರ ಮೇಲೆ ಗೌರವವೂ ಬಂತು. ಖಾಲಾ ಮಾತ್ರ "ಬರ್ತನ್ ವಾಪಸ್ ಕೊಟ್ರೇನು?" ಅಂತ ಕೇಳಿದರು. ಅದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಕೊಲೆಗಾರ ಯಾರು ಅನ್ನುವುದನ್ನು ಅತ್ತೆ ಎರಡನೇ ಅಧ್ಯಾಯಕ್ಕೇ ಹೇಳಿಬಿಡುತ್ತಿದ್ದರು. ಅವರ ಲೆಕ್ಕ ಸರಳ. ಕೇಳದೇ ಸಹಾಯಕ್ಕೆ ಬರುವವನು, ಜಾಸ್ತಿ ನಗುವವನು, ಗುಡಿಯ ಹುಂಡಿ ಲೆಕ್ಕ ಇಡುವವನು. ಈ ಮೂರೂ ಒಬ್ಬನೇ ಆಗಿದ್ದರೆ ಪುಸ್ತಕ ಮುಚ್ಚಬಹುದು. ಐದರಲ್ಲಿ ನಾಲ್ಕು ಸಲ ಸರಿ ಹೇಳಿದರು. ಐದನೆಯದರಲ್ಲಿ ಕೊಲೆಗಾರ ದಂತವೈದ್ಯ. ಅದಕ್ಕೆ ಅವರು "ಹಲ್ಲಿನ ಡಾಕ್ಟರ್ ಅಂತ ಮೊದ್ಲೇ ಹೇಳಿದ್ರ ನಾ ಅವನ್ನೇ ಹಿಡೀತಿದ್ದೆ" ಅಂತ ನನ್ನ ಮೇಲೇ ತಿರುಗಿ ಬಿದ್ದರು.

ಈಗ ವಾಡಿಯ ಕಥೆ. ಕಟ್ಟೆಯ ಮೇಲೆ ರೊಟ್ಟಿಯಂಥ ಅವಘಡ ಮತ್ತೆ ಆಗಬಾರದು ಅಂತ, ನಾನು ಮುಂದಿನ ಅಧ್ಯಾಯಗಳನ್ನು ರೈಲಿನಲ್ಲಿ ಮೊದಲೇ ಓದಿಟ್ಟುಕೊಳ್ಳುತ್ತಿದ್ದೆ. ಶಹಾಬಾದ್ ಅರ್ಧ ಗಂಟೆಯ ದಾರಿ. ಆವತ್ತು ನಾಯಕಿ ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದಿದ್ದಾಳೆ, ಮೇಲೆ ಹಲಗೆಯ ಮೇಲೆ ಬೂಟಿನ ಸದ್ದು, ಮೊಬೈಲಿನಲ್ಲಿ ಎರಡು ಪರ್ಸೆಂಟ್ ಚಾರ್ಜು, ಅವಳು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದ್ದಾಳೆ. ಕಿಟಕಿಯ ಹೊರಗೆ ಬೀದರ್ ಟೀಚರ್ ಪ್ಲಾಟ್‌ಫಾರ್ಮಿನ ಮೇಲೆ ಎರಡೂ ಕೈ ಎತ್ತಿ ಬೀಸುತ್ತಿರುವುದು ಕಾಣಿಸಿತು. ನಾನೂ ನಕ್ಕು ಕೈ ಬೀಸಿದೆ. ಟಾಟಾ ಮಾಡಿದೆ! ಗಾಡಿ ಹೊರಟು, ಅವರು ಜೊತೆಗೇ ಹತ್ತು ಹೆಜ್ಜೆ ಓಡಿ, ಶಹಾಬಾದ್ ಅನ್ನುವ ಹಳದಿ ಬೋರ್ಡು ಹಿಂದೆ ಸರಿದ ಮೇಲೆ ನನಗೆ ಒಂದು ಪ್ರಶ್ನೆ ಹುಟ್ಟಿತು, ಅವರು ಅಲ್ಲಿ ಇಳಿದರೆ ನಾನ್ಯಾಕೆ ಇಲ್ಲಿದ್ದೇನೆ?

ವಾಡಿಯಲ್ಲಿ ಇಳಿದೆ. ಜಂಕ್ಷನ್ ಅದು, ಅಲ್ಲಿಯೂ ತಪ್ಪಿಸಿಕೊಂಡಿದ್ದರೆ ಗಾಡಿ ನೋಡಿ ಯಾದಗಿರಿಯೋ ಸೇಡಮ್ಮೋ ಸೇರುತ್ತಿದ್ದೆ. ನನ್ನ ಪಾಸು ಶಹಾಬಾದ್ ತನಕ ಮಾತ್ರ. ಟಿಸಿ ಸಭ್ಯ ಮನುಷ್ಯ. 250 ರೂಪಾಯಿ ದಂಡ, ಮೇಲೆ ಟಿಕೆಟ್ ಹಣ, ರಸೀದಿ ಬರೆಯುತ್ತಾ ಕನಿಕರದಿಂದ ಕೇಳಿದರು: "ನಿದ್ದಿ ಹತ್ತಿತ್ತೇನ್ರಿ ಮೇಡಂ?"

ಹೌದು ಅಂದೆ. ಬ್ಯಾಗಿನಲ್ಲಿರುವ ಪುಸ್ತಕದ ನಾಯಕಿ ಪ್ರಾಣ ಹೋದರೂ ಸುಳ್ಳು ಹೇಳಲಾರೆ ಅಂತ ನೆಲಮಾಳಿಗೆ ಸೇರಿದ್ದಳು. ನಾನು 250 ರೂಪಾಯಿ ಕೊಟ್ಟೂ ಸುಳ್ಳು ಹೇಳಿದೆ. ಮುಂದಿನ ಗಾಡಿಗೆ ಒಂದೂವರೆ ತಾಸು ಇತ್ತು. ಖುಷಿಯ ಸಂಗತಿ ಅಂದರೆ ಅಷ್ಟರಲ್ಲಿ ಪುಸ್ತಕ ಮುಗಿಯಿತು.

ಆ ನೆಲಮಾಳಿಗೆ ನನಗೆ ದಂಡ ಹಾಕಿಸಿ ಸುಮ್ಮನಾಗಲಿಲ್ಲ. ಶನಿವಾರ ಅದೇ ಅಧ್ಯಾಯ ಕಟ್ಟೆಯ ಮೇಲೆ ಓದಿದೆ. ನಾಯಕಿ ಪ್ರಾರ್ಥನೆ ಮಾಡುವಾಗ ಒಂದು ತೊಗರಿಕಾಯಿಯೂ ಒಡೆಯಲಿಲ್ಲ. ಅತ್ತೆ ಕಪ್ಪು ಕನ್ನಡಕದ ಹಿಂದಿನಿಂದ ಗುಡಿಯ ಕಡೆ ತಿರುಗಿ ಎರಡೂ ಕೈ ಜೋಡಿಸಿದರು: "ಶರಣಬಸಪ್ಪಾ, ಆ ಕೂಸು ಹೊರಗ ಬರ್ಲಿ. ನಿನಗ ಐದು ಕಾಯಿ ಒಡಸ್ತೀನಿ."

"ಅತ್ತೀ, ಇದು ಕಥಿ ಅದರೀ" ಅಂದೆ.

"ಹರಕಿ ಹೊತ್ತಾದ್ಮ್ಯಾಲ ಹಂಗನ್ನಬಾರ್ದು."

ಅವಳು ಮುಂದಿನ ವಾರವೇ ಹೊರಗೆ ಬಂದಳು. ನಾನು ಬೇಕಂತಲೇ ಒಂದು ವಾರ ಎಳೆದಿದ್ದೆ, ಅಷ್ಟಾದರೂ ಮರೆಯಲಿ ಅಂತ. ಮರೆಯಲಿಲ್ಲ. ಸೋಮವಾರ ಸಂಜೆ ಐದು ತೆಂಗಿನಕಾಯಿ ಹೊತ್ತು ಶರಣಬಸವೇಶ್ವರ ಗುಡಿಗೆ ಹೋದೆವು. ಹಿಂದೆ ಪಾಳಿ ಬೆಳೆದಿತ್ತು. ಯಾರ ಹೆಸರಿಲೇ ಅಂತ ಪೂಜಾರಿ ಕೇಳಿದರು. ನಾನು ಗೋಡೆ ನೋಡಿದೆ. ಅತ್ತೆ ಗಂಭೀರವಾಗಿ, "ಒಬ್ಬ ಹುಡುಗಿ ಅಮೆರಿಕಾದಾಗ ಭಾಳ ಕಷ್ಟದಾಗಿದ್ದಳ್ರಿ, ಪಾರಾದಳು" ಅಂದರು.

"ಮೊಮ್ಮಗಳೇನ್ರಿ?"

"ಹೂಂ, ಹಂಗೇ ಅನ್ಕೋರಿ."

"ವೀಸಾದ ತ್ರಾಸೇನು?" ಅಂತ ಕೇಳುತ್ತಲೇ ಪೂಜಾರಿ ಕಾಯಿ ಒಡೆದರು. ಪಾಳಿಯಲ್ಲಿ ಹಿಂದೆ ನಿಂತಿದ್ದವರು ತಮ್ಮ ಮಗನದೂ ಅದೇ ತ್ರಾಸು ಅಂದರು, ಯಾವ ಏಜೆಂಟ್ ಹಿಡಿದಿರಿ ಅಂತ ಕೇಳಿದರು. ಮೆಟ್ಟಿಲು ಇಳಿಯುವವರೆಗೂ ಬೆನ್ನು ಹತ್ತಿದ್ದರು.

ಹಾಲಿನ ವಿಷಯ ಮಾತ್ರ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಅದು ಎಡಗಣ್ಣಿನ ಆಪರೇಶನ್ ಆಗಿ ಮೂರನೇ ದಿನ. ಹೊರಗೆ ಧೂಳು ಬೇಡ ಅಂತ ಹಿತ್ತಲ ಕಡೆಯ ಕೋಣೆಯಲ್ಲಿ ಓದುತ್ತಿದ್ದೆ. ಈ ಕಾದಂಬರಿಯಲ್ಲಿ ಹಣದಾಸೆಯ ಸೊಸೆ, ಹಾಸಿಗೆ ಹಿಡಿದ ಶ್ರೀಮಂತ ಅತ್ತೆ. ಇಂಥದ್ದನ್ನು ಯಾಕೆ ಆರಿಸಿದೆ ಅಂತ ನನ್ನ ಗಂಡ ಇವತ್ತಿಗೂ ಕೇಳುತ್ತಾರೆ, ನನ್ನ ಹತ್ತಿರ ಉತ್ತರ ಇಲ್ಲ. ನನಗೆ ಸ್ವಲ್ಪ ನಾಟಕದ ಹುಚ್ಚೂ ಇದೆ, ಪಾತ್ರಕ್ಕೆ ತಕ್ಕಂತೆ ದನಿ ಬದಲಿಸುತ್ತೇನೆ. ತಣ್ಣಗೆ, ಹಲ್ಲು ಕಚ್ಚಿ ಓದಿದೆ: "ಈ ಹಾಲು ಕುಡೀರಿ ಅತ್ತೀ. ಇವತ್ತಿನಿಂದ ನಿಮಗ ಯಾವ ನೋವೂ ಇರಂಗಿಲ್ಲ."

ಅತ್ತೆ ಕಥೆಯೊಳಗೆ ಎಷ್ಟು ಇಳಿದಿದ್ದರೆಂದರೆ ಕಿರುಚಿಯೇ ಬಿಟ್ಟರು. "ಯವ್ವಾ! ಬ್ಯಾಡ! ಕುಡೀಬ್ಯಾಡ! ಅದರಾಗ ಏನೋ ಹಾಕ್ಯಾಳ!"

ಗೋಡೆಯ ಆಚೆ ಹಿತ್ತಲ ಮನೆಯ ವೈನಿ ಬಟ್ಟೆ ಒಣಹಾಕುತ್ತಿದ್ದರು.

ಅರ್ಧ ಗಂಟೆಯಲ್ಲಿ ಅವರು ತಂಬಿಗೆ ತುಂಬ ಹಾಲು ಹಿಡಿದು ಬಂದರು. ನನ್ನ ಕಡೆ ನೋಡಲಿಲ್ಲ. "ನಮ್ಮ ಎಮ್ಮಿ ಹಾಲ್ರಿ, ನಾನೇ ಕಾಸೀನಿ" ಅಂತ ಒತ್ತಿ ಹೇಳಿ, ಅತ್ತೆ ಪೂರ್ತಿ ಕುಡಿಯುವವರೆಗೆ ಎದುರೇ ಕೂತರು. ನಾನು ತಂದ ಚಹಾ ಮುಟ್ಟಲಿಲ್ಲ. ಸಂಜೆಯೊಳಗೆ ಸುದ್ದಿ ಹುಮನಾಬಾದ್ ಮುಟ್ಟಿತ್ತು. ಮರುದಿನ ಬೆಳಿಗ್ಗೆಯ ಮೊದಲ ಬಸ್ಸಿಗೆ ನಮ್ಮ ನಾದಿನಿ ಇಳಿದಳು, ಚೀಲ ಕೆಳಗಿಡುವ ಮೊದಲೇ ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆ ಮೂಸಿದಳು. ಪಾಪ, ಅವಳ ತಪ್ಪೇನು? ನಾನು ಪುಸ್ತಕ ತಂದು ತೋರಿಸಿದೆ. ಇಂಗ್ಲಿಷಿನಲ್ಲಿತ್ತು, ಅವಳ ಸಂಶಯ ಇನ್ನೂ ಜಾಸ್ತಿ ಆಯಿತು. "ಅವ್ವಾ, ನೀನರ ಹೇಳು, ಖರೆ ಏನು?" ಅಂತ ತಾಯಿಯ ಕೈ ಹಿಡಿದಳು.

ಆ ಹೊತ್ತಿಗೆ ಅತ್ತೆ ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಅವರು ಮಗಳ ಕೈ ಬಿಡಿಸಿಕೊಂಡು ನನ್ನ ಕಡೆ ತಿರುಗಿದರು. "ಅದೆಲ್ಲಾ ಆಮ್ಯಾಲ. ಮೊದ್ಲ ಆಕಿ ಹಾಲು ಕುಡದ್ಲೋ ಇಲ್ಲೋ ಹೇಳು. ರಾತ್ರಿ ಪೂರಾ ನಿದ್ದಿ ಹತ್ತಿಲ್ಲ ನನಗ."

ನಾದಿನಿ ಎರಡು ದಿನ ಇದ್ದಳು. ಹೋಗುವಾಗ ಮೂರು ಪುಸ್ತಕ ಕೇಳಿಕೊಂಡು ಹೋದಳು. ವೈನಿ ಮಾತ್ರ ಇವತ್ತಿಗೂ ನಮ್ಮ ಮನೆಯಲ್ಲಿ ಚಹಾ ಅಂದರೆ ಹೊಟ್ಟೆ ತುಂಬಿದೆ ಅನ್ನುತ್ತಾರೆ.

ಇದಕ್ಕೆಲ್ಲ ಮೊದಲು, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದಾಗ ಒಂದು ಮಾತು ಬಂದಿತ್ತು, ಆಗ ನಾನು ಗಮನಿಸಲಿಲ್ಲ. ಬಂಧು ಬಳಗವೆಲ್ಲ ಜೋಳದ ನಡುವೆ ಕಂಬಳಿ ಹಾಸಿ ಕೂತಿತ್ತು. ದೊಡ್ಡ ಪಾತ್ರೆಯಲ್ಲಿ ಭಜ್ಜಿ, ಬುಟ್ಟಿ ತುಂಬ ಸಜ್ಜೆ ರೊಟ್ಟಿ. ಇಷ್ಟು ರೊಟ್ಟಿ ಯಾರಿಗೆ ಅಂತ ಯಾರೋ ಅಂದರು. ಅತ್ತೆ ಕನ್ನಡಕ ಸರಿ ಮಾಡಿಕೊಂಡು, "ನಮ್ಮ ಕಥಿಯಾಗಿನ ಜೋಡಿ ಬಂದಿದ್ರ ಇದು ಸಾಕಾಗ್ತಿದ್ದಿಲ್ಲ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೋಳಿ ಹುಣ್ಣಿಮೆಯ ಹಿಂದಿನ ದಿನ ಅತ್ತೆಗೆ ಹೊಸ ಕನ್ನಡಕ ಬಂತು. ಶರಣಬಸಪ್ಪನ ಜಾತ್ರೆಗೆ ಇನ್ನು ಆರು ದಿನ, ತೇರನ್ನು ಈ ಸಲ ಎರಡೂ ಕಣ್ಣಲ್ಲಿ ನೋಡುತ್ತೇನೆ ಅಂತ ಅಂಗಡಿಯಲ್ಲೇ ಹೇಳಿಕೊಂಡು ಬಂದಿದ್ದರು. ನಾನು ಶಾಲೆಯಿಂದ ಬಂದಾಗ ಒಬ್ಬರೇ ಕಟ್ಟೆಯ ಮೇಲೆ ಕೂತಿದ್ದರು. ತೊಗರಿಕಾಯಿಯ ಕಾಲ ಮುಗಿದಿತ್ತು, ಮೊರ ಇರಲಿಲ್ಲ. ತೊಡೆಯ ಮೇಲೆ ಎರಡು ಜಡೆಯ ಹುಡುಗಿಯ ಮುಖಪುಟ. ನಾನು ಗ್ರಂಥಾಲಯಕ್ಕೆ ವಾಪಸ್ ಕೊಡಲು ಮರೆತ ಆ ಹಳೇ ಕನ್ನಡ ಕಾದಂಬರಿ.

ಎದೆ ಧಸಕ್ಕೆಂದಿತು. ಅತ್ತೆ ಬೆರಳಿಗೆ ಉಗುಳು ಹಚ್ಚಿ ನಿಧಾನವಾಗಿ ಒಂದು ಪುಟ ತಿರುಗಿಸಿದರು. ತುಟಿ ಅಲ್ಲಾಡಿಸುತ್ತಾ ಓದುತ್ತಾರೆ ಅವರು. ಪುಟದ ಮೇಲೆ 94 ಅಂತ ಇತ್ತು. ಮುಗಿಸಿದರು. ಮತ್ತೆ ಹಿಂದಿನ ಪುಟಕ್ಕೆ ಹೋಗಿ ಒಂದೆರಡು ಸಾಲು ಇನ್ನೊಮ್ಮೆ ಓದಿದರು.

"ನಿಮ್ಮ ಮಾವ ಚಹಾ ಕುಡಸ್ತಿದ್ರು" ಅಂದರು.

ನನಗೆ ಅರ್ಥ ಆಗಲಿಲ್ಲ.

"ನಾ ಬಸುರಿದ್ದೆ ಆಗ, ಇವನೇ ಹೊಟ್ಟ್ಯಾಗಿದ್ದ. ಅಂಜಬಾರ್ದಂತ ಅವ್ರು ಹೆಣ ಬಂದಲ್ಲೆಲ್ಲಾ ಚಹಾ ಕುಡಸ್ತಿದ್ರು. ಬಾಗಲಾ ತೆಗದ್ರು, ಒಳಗ ನೋಡಿದ್ರು, ಚಹಾ ಕುಡದ್ರು. ಒಂದೇ ರಾತ್ರ್ಯಾಗ ಆ ಜಾಸೂಸ ಹನ್ನೊಂದು ಕಪ್ ಕುಡದ. ಆಮ್ಯಾಲ ಖಾಲಾ ಅದೇ ಪುಸ್ತಕ ಓದಿ ಪೂರಾ ಕಥಿ ಹೇಳಿದ್ಳು ನನಗ." ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. "ಅವ್ರಿಗಿ ನಾ ಹೇಳ್ಲೇ ಇಲ್ಲ. ಪಾಪ, ಅಷ್ಟ್ ತ್ರಾಸ ತಗೊಂಡು ಸುಳ್ಳ ಹೇಳ್ತಿದ್ರು."

ಎದುರು ಮನೆಯ ಬಾಗಿಲಲ್ಲಿ ಖಾಲಾ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ. ಭುಜ ಮಾತ್ರ ಅಲುಗುತ್ತಿತ್ತು.

ರಾತ್ರಿ ಊಟಕ್ಕೆ ಅತ್ತೆ ತಾವೇ ಬಡಿಸಲು ಕೂತರು. ನಾಲ್ಕು ತಿಂಗಳಾದ ಮೇಲೆ ಬಡಿದ ಮೊದಲ ರೊಟ್ಟಿ, ತೆಳ್ಳಗೆ, ಅಂಚು ಒಡೆಯದೇ ಬಂದಿತ್ತು. ಪುಂಡಿ ಪಲ್ಯ, ಶೇಂಗಾ ಹಿಂಡಿ. ನಮ್ಮ ಮನೆಯವರು ಎರಡು ತಿಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರು. "ಸಾಕವ್ವಾ."

"ಇನ್ನೊಂದು ತಿನ್ನಪ್ಪ" ಅಂತ ಅತ್ತೆ ಕೈ ಸರಿಸಿ ಬಿಸಿ ರೊಟ್ಟಿ ಹಾಕಿದರು. "ಹೊರಗ ಬೆಳದಿಂಗಳ ಛಲೋ ಅದ."

ಅವರು ಏನೂ ತಿಳಿಯದೇ ಕಿಟಕಿಯ ಕಡೆ ನೋಡಿದರು. ನಾನು ನೀರು ತರುತ್ತೇನೆ ಅಂತ ಎದ್ದು ಒಳಗೆ ಹೋದೆ.